ಮೇಜಿನ ಕೆಳಗಿನ ಹೊಸಬಳು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆಗೆ ನಾಯಿ ಬಂದ ದಿನ ಎಲ್ಲರೂ ತಯಾರಾಗಿದ್ದೆವು, ನಾಯಿಯೊಂದನ್ನು ಬಿಟ್ಟು. ಮೆತ್ತನೆಯ ಹಾಸಿಗೆ ಬಂದಿತ್ತು. ಎರಡು ಸ್ಟೀಲ್ ಬಟ್ಟಲು ತೊಳೆದಿಟ್ಟಿದ್ದೆ. ಮಗ ತಾನು ಕೂಡಿಟ್ಟ ಕಾಸಿನಲ್ಲಿ, ಒತ್ತಿದರೆ ಕೀ ಅನ್ನುವ ರಬ್ಬರ್ ಚೆಂಡು ತಂದಿದ್ದ. ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ನಿಂದ ಕರೆತಂದು ಬಾಗಿಲು ತೆಗೆದೆವು. ಅವಳು ಗೋಡೆಗೆ ಒರಗಿಕೊಂಡೇ ನಡೆದು ಊಟದ ಮೇಜಿನ ಕೆಳಗೆ ನುಗ್ಗಿದಳು. ಮೂಲೆ ಹಿಡಿದು ಕುಳಿತಳು. ಹಾಸಿಗೆಯನ್ನು ಮೂಸಿಯೂ ನೋಡಲಿಲ್ಲ. ಮಗ ಆಸೆಯಿಂದ ಚೆಂಡನ್ನು ಒಮ್ಮೆ ಕೀ ಅನ್ನಿಸಿದ. ಅವಳು ಇನ್ನೊಂದು ಗೇಣು ಹಿಂದೆ ಸರಿದಳು.

ಸುಮಾರು ಎರಡು ವರ್ಷದ ಕಂದು ಬಣ್ಣದ ನಾಯಿ. ಹಣೆಯ ಮೇಲೊಂದು ಬಿಳಿ ಚುಕ್ಕಿ. ಹೆಸರಿಡಲು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಚುಕ್ಕಿ ಅಂದೆವು. ಶೆಲ್ಟರ್‌ನಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗ, "ಬಹಳ ಸಾಧು ಮೇಡಂ, ಬೊಗಳೋದೇ ಇಲ್ಲ" ಅಂದಿದ್ದ. ಮನೆಗೆ ಬಂದ ಮೇಲೂ ನಾವೆಲ್ಲ ಅದನ್ನೇ ಹೇಳಿದೆವು. ಎಷ್ಟು ಸಾಧು ನೋಡಿ, ಒಂದು ತಂಟೆಯಿಲ್ಲ, ತಕರಾರಿಲ್ಲ. ಅದು ಸಾಧುತನ ಅಲ್ಲ, ಹೆದರಿಕೆ ಅಂತ ಅರ್ಥವಾಗಲು ನಮಗೆ ಒಂದು ವಾರ ಬೇಕಾಯಿತು.

ಯೋಚಿಸಿ ನೋಡಿ. ಶೆಲ್ಟರ್ ನಡೆಸುವವರು ಎಷ್ಟೇ ಒಳ್ಳೆಯವರಾಗಿರಲಿ, ಅಲ್ಲಿ ಹತ್ತಾರು ನಾಯಿಗಳು ಒಟ್ಟಿಗೆ ಇರುತ್ತವೆ. ಒಂದು ಬೊಗಳಿದರೆ ಎಲ್ಲವೂ ಬೊಗಳುತ್ತವೆ. ನೆಮ್ಮದಿಯಾಗಿರುವ, ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಮಾಡುತ್ತದೆ. ಆ ಗದ್ದಲದಲ್ಲಿ ಅಷ್ಟು ನಿದ್ದೆ ಎಲ್ಲಿಂದ ಬರಬೇಕು? ಆದರೂ ಅದು ಗೊತ್ತಿದ್ದ ಜಾಗ. ಒಂದು ದಿನ ಯಾರೋ ಬಂದು ಕಾರಿನಲ್ಲಿ ಕೂರಿಸಿಕೊಂಡು, ಒಂದೂ ಪರಿಚಯದ ವಾಸನೆಯಿಲ್ಲದ ಮನೆಯೊಳಗೆ ಬಿಡುತ್ತಾರೆ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷ ಇದ್ದರೆ, ನಾಯಿಗೆ 30 ಕೋಟಿವರೆಗೂ ಇರುತ್ತವೆ ಅನ್ನುತ್ತಾರೆ. ನಮಗೆ ಕಾಣುವುದು ಒಂದು ಸೋಫಾ, ಒಂದು ಮೇಜು. ಅವಳ ಮೂಗಿಗೆ ಅದು ಸಾವಿರ ಜನ ಒಟ್ಟಿಗೆ ಮಾತಾಡುವ ಸಂತೆ. ಅಂಥಲ್ಲಿ ಮೂಲೆ ಹುಡುಕಿಕೊಂಡವಳು ಜಾಣೆ ಅಂತ ಈಗ ನನಗನ್ನಿಸುತ್ತದೆ.

ಮೊದಲ ಎರಡು ದಿನ ಅವಳ ಕಣ್ಣು ಮುಚ್ಚುತ್ತಿತ್ತು, ಆದರೆ ಕಿವಿ ಮಲಗುತ್ತಿರಲಿಲ್ಲ. ನಮ್ಮ ಮನೆಯವರು ಪೇಪರ್ ಓದಿ ಮಡಚಿದರೆ ಸಾಕು, ಆ ಪರ ಪರ ಸದ್ದಿಗೆ ಎದ್ದು ಗೋಡೆಗೆ ಅಂಟುತ್ತಿದ್ದಳು. ಚಮಚ ಬಿದ್ದರೆ ನಡುಗುತ್ತಿದ್ದಳು. ನಾವು ಯಾರಾದರೂ ಬಗ್ಗಿ ನೋಡಿದರೆ ಆಕಳಿಸುತ್ತಿದ್ದಳು. "ಪಾಪ, ನಿದ್ದೆ ಬಂದಿದೆ" ಅಂತ ನಾವು ಇನ್ನೂ ಹತ್ತಿರ ಹೋಗುತ್ತಿದ್ದೆವು! ನಾಯಿ ಸುಮ್ಮಸುಮ್ಮನೆ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರುವುದು, ಇವೆಲ್ಲ "ದಯವಿಟ್ಟು ಸ್ವಲ್ಪ ದೂರ ಇರಿ" ಅನ್ನುವ ಮಾತು. ಅವಳು ಹೇಳುತ್ತಲೇ ಇದ್ದಳು. ನಮಗೆ ಆ ಭಾಷೆ ಬರುತ್ತಿರಲಿಲ್ಲ, ಅಷ್ಟೇ.

ಮೊದಲು ಅರ್ಥ ಮಾಡಿಕೊಂಡವರು ನಮ್ಮ ಅತ್ತೆ. ನಾಯಿ ಬೇಡವೇ ಬೇಡ ಅಂತ ಹಟ ಹಿಡಿದಿದ್ದವರು ಅವರೇ. ಮೂರನೆಯ ದಿನ ನಾವು ಮೂವರೂ ಮೇಜಿನ ಸುತ್ತ ಮಂಡಿಯೂರಿ ಕುಳಿತು ಬಿಸ್ಕತ್ತು ಆಡಿಸುತ್ತಿದ್ದಾಗ ಗದರಿದರು. "ಬಿಟ್ಬಿಡಿ ಅದನ್ನ. ಈ ಮನೆಗೆ ಬಂದ ಮೊದಲ ವಾರ ನಾನೂ ಹಾಗೇ ಇದ್ದೆ." ಅಷ್ಟು ಹೇಳಿ, ತಮ್ಮ ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ದೂರ ಎಳೆದುಕೊಂಡು, ನಾಯಿಗೆ ಬೆನ್ನು ಮಾಡಿ ಕುಳಿತರು. ಹೊಲಿಗೆ ಹಿಡಿದರು. ಅರ್ಧ ಗಂಟೆಯ ಮೇಲೆ ಒಂದು ಕಂದು ಮೂತಿ ಮೇಜಿನ ಬಟ್ಟೆಯ ಅಂಚಿನಿಂದ ಹೊರಗೆ ಬಂತು. ಕತ್ತು ಉದ್ದ ಮಾಡಿತು. ಹಿಂಗಾಲುಗಳು ಮಾತ್ರ ಒಳಗೇ, ಓಡಲು ತಯಾರಾಗಿ. ಅತ್ತೆಯ ಸೀರೆಯ ಅಂಚನ್ನು ಮೂರು ಸಲ ಮೂಸಿ ಒಳಗೆ ಹೋಯಿತು. ಅತ್ತೆ ತಿರುಗಿ ನೋಡಲಿಲ್ಲ. ಸೂಜಿ ಮಾತ್ರ ಒಂದು ಕ್ಷಣ ನಿಂತಿತ್ತು.

ಅಂದಿನಿಂದ ಮನೆಯ ಕಾನೂನು ಬದಲಾಯಿತು. ನಾಯಿಯ ಹತ್ತಿರ ಯಾರೂ ಹೋಗುವಂತಿಲ್ಲ, ಅದು ಬಂದರೆ ಬರಲಿ. ಬಂದಾಗ ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮೇಲಿನಿಂದ ಬಗ್ಗಿ ತಲೆ ಸವರಬಾರದು. ಪಕ್ಕಕ್ಕೆ ತಿರುಗಿ ಕುಳಿತು, ಕೈಯನ್ನು ಸುಮ್ನೆ ಕೆಳಗೆ ಬಿಡಬೇಕು. ಮೂಸಿದ ಮೇಲೂ ಅವಳು ನಿಂತೇ ಇದ್ದರೆ ಎದೆಯನ್ನೋ ಭುಜವನ್ನೋ ಎರಡು ಸಲ ಸವರಿ ಕೈ ತೆಗೆಯಬೇಕು. ಇನ್ನೂ ಬೇಕಿದ್ದರೆ ಅವಳೇ ಕೈಗೆ ಒರಗುತ್ತಾಳೆ. ನೆಂಟರಿಗೂ ಸ್ನೇಹಿತರಿಗೂ ಎರಡು ವಾರ ಬರಬೇಡಿ ಅಂದೆವು. ಇದರಿಂದ ಇಬ್ಬರು ಮುನಿಸಿಕೊಂಡರು. ನಾಯಿಗಿಂತ ನಾವು ಕಡಿಮೆಯಾ ಅಂದರು. ಆ ಎರಡು ವಾರದ ಮಟ್ಟಿಗೆ ಹೌದು ಅನ್ನುವ ಉತ್ತರ ಬಾಯಿತನಕ ಬಂದಿತ್ತು, ನುಂಗಿಕೊಂಡೆ.

ನಾಯಿ ಸಾಕುವವರ ನಡುವೆ ಮೂರು-ಮೂರು-ಮೂರು ಅನ್ನುವ ಲೆಕ್ಕ ಒಂದಿದೆ. ಗಾಬರಿ ತಗ್ಗಲು ಮೂರು ದಿನ, ದಿನಚರಿ ಹಿಡಿತಕ್ಕೆ ಬರಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಅಂದಾಜಿಗೆ ಒಳ್ಳೆಯದೇ. ಆದರೆ ಕ್ಯಾಲೆಂಡರ್ ನೋಡಿಕೊಂಡು ಕೂತರೆ ಕಷ್ಟ. ಚುಕ್ಕಿಗೆ ಮೇಜಿನ ಕೆಳಗಿನಿಂದ ಹೆದರದೆ ಹೊರಬರಲೇ ಒಂಬತ್ತು ದಿನ ಹಿಡಿಯಿತು. ನಾಲ್ಕನೆಯ ದಿನ ನಾನು, "ಇನ್ನೂ ಯಾಕೆ ಹೀಗೆ, ಏನೋ ದೋಷ ಇರಬೇಕು" ಅಂತ ಕೊರಗುತ್ತಿದ್ದೆ. ದೋಷ ಇದ್ದದ್ದು ನನ್ನ ಲೆಕ್ಕದಲ್ಲಿ.

ಊಟದ ವಿಷಯ. ಮೊದಲ ದಿನ ಏನನ್ನೂ ಮುಟ್ಟಲಿಲ್ಲ. ರಾತ್ರಿ ದೀಪ ಆರಿಸಿ ನಾವೆಲ್ಲ ಕೋಣೆ ಸೇರಿದ ಮೇಲೆ, ಕತ್ತಲಲ್ಲಿ ಬಟ್ಟಲು ನೆಲಕ್ಕೆ ತಾಗುವ ಟಣ್ ಸದ್ದು ಬಂತು. ಆಮೇಲೆ ಚಪ ಚಪ. ಮಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಮನೆಗೆ ಬಂದಿದೆ ಅಂತ ಒಳ್ಳೊಳ್ಳೆಯದು ಮಾಡಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ಶೆಲ್ಟರ್‌ನಲ್ಲಿ ತಿನ್ನುತ್ತಿದ್ದುದನ್ನೇ ಕೊಡಿ. ಬದಲಾಯಿಸುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಬೆರೆಸಿ. ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಕೆಟ್ಟರೆ ಒರೆಸುವವರು ನಾವೇ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್, ಇವು ನಾಯಿಗೆ ವಿಷ. ಬೇಯಿಸಿದ ಮೂಳೆಯೂ ಬೇಡ, ಸಿಗಿದು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಮಗನ ಶಾಲೆಯ ಚೀಲ ಅಂದಿನಿಂದ ನೆಲದ ಮೇಲಲ್ಲ, ಮೊಳೆಗೆ ನೇತಾಡುತ್ತಿದೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಐದನೆಯ ದಿನ ಹೊರಗಿನಿಂದ ಬಂದೆ. ಅತ್ತೆಯ ಕೋಣೆಯ ಮುಂದಿನ ಮ್ಯಾಟ್ ಒದ್ದೆ. ನಾನು ಜೋರಾಗಿ, "ಏನಿದು ಚುಕ್ಕಿ!" ಅಂದೆ. ಅವಳು ಕಿವಿ ಹಿಂದಕ್ಕೆ ಮಾಡಿ, ಬಾಲ ಕಾಲ ಸಂದಿಗೆ ಸೇರಿಸಿ, ನೆಲಕ್ಕೆ ಅಂಟಿದಳು. "ನೋಡಿ, ತಪ್ಪು ಮಾಡಿದ್ದು ಅವಳಿಗೇ ಗೊತ್ತು" ಅಂತ ಎಲ್ಲರಿಗೂ ತೋರಿಸಿದೆ. ಆಮೇಲೆ ಓದಿ ತಿಳಿದೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಅಮೆರಿಕದ ಸಂಶೋಧಕಿ 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತಿಂಡಿ ಇಟ್ಟು, ತಿನ್ನಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿತೋ ಇಲ್ಲವೋ ಅಂತ ಅವರಿಗೆ ಕೆಲವು ಸಲ ಸುಳ್ಳು ಹೇಳಲಾಗುತ್ತಿತ್ತು. ಆ ತಪ್ಪೊಪ್ಪಿಕೊಂಡಂಥ ಮುಖಕ್ಕೂ ನಾಯಿ ಮಾಡಿದ್ದಕ್ಕೂ ಸಂಬಂಧವೇ ಇರಲಿಲ್ಲ. ಬೈದರೆ ಆ ಮುಖ ಬರುತ್ತಿತ್ತು. ಏನೂ ತಿನ್ನದ ನಾಯಿಗೆ ಬೈದಾಗ ಇನ್ನೂ ಜಾಸ್ತಿ ಬರುತ್ತಿತ್ತು! ಅಂದರೆ ನಾನು ತಪ್ಪಿನ ಅರಿವು ಅಂದುಕೊಂಡದ್ದು ನನ್ನ ದನಿಗೆ ಹೆದರಿದ ಮುಖ. ಐದು ದಿನ ಮೆಲ್ಲಗೆ ಕಟ್ಟಿದ್ದನ್ನು ಒಂದು ಕೂಗಿನಲ್ಲಿ ಕೆಡವಿದ್ದೆ. ಮತ್ತೆರಡು ದಿನ ಅವಳು ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅತ್ತೆಯ ಕೈಯಿಂದ ತಿನ್ನುತ್ತಿದ್ದಳು, ಅದೂ ನಾನು ನೋಡುವ ಹಾಗೆ.

ಮಲಮೂತ್ರ ಹೊರಗೇ ಮಾಡುವುದನ್ನು ಕಲಿಸಲು ದಾರಿ ಬಹಳ ಸರಳ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ, ಮಲಗುವ ಮುಂಚೆ ಹೊರಗೆ ಕರೆದುಕೊಂಡು ಹೋಗಬೇಕು. ಅದೇ ಜಾಗಕ್ಕೆ. ಮುಗಿಸಿದ ಆ ಕ್ಷಣಕ್ಕೇ ಒಂದು ತುಣುಕು ತಿಂಡಿ, ಒಂದು ಒಳ್ಳೆಯ ಮಾತು. ಮನೆಗೆ ಬಂದು ಕೊಟ್ಟರೆ, ಮನೆಗೆ ಬಂದದ್ದಕ್ಕೆ ಕೊಟ್ಟರು ಅಂದುಕೊಳ್ಳುತ್ತದೆ. ಒಳಗೆ ಮಾಡಿದ್ದರೆ ಅಮೋನಿಯಾ ಇರುವ ದ್ರಾವಣದಿಂದ ಒರೆಸಬೇಡಿ. ಮೂತ್ರದ ವಾಸನೆಯನ್ನೇ ಹೋಲುವುದರಿಂದ ಇಲ್ಲೇ ಮಾಡು ಅಂತ ಬೋರ್ಡು ಬರೆದ ಹಾಗಾಗುತ್ತದೆ. ಕಿಣ್ವ ಇರುವ ದ್ರಾವಣ ಸಿಗುತ್ತದೆ, ಅದು ವಾಸನೆಯನ್ನು ಬೇರುಸಹಿತ ತೆಗೆಯುತ್ತದೆ.

ಹೊರಗೆ ಹೋಗುವುದು ಅಂದೆನಲ್ಲ, ಅಲ್ಲೊಂದು ಎಚ್ಚರ. ಹೆದರಿದ ನಾಯಿ ತಪ್ಪಿಸಿಕೊಳ್ಳುವುದು ಮೊದಲ ದಿನಗಳಲ್ಲೇ. ಅದಕ್ಕೆ ಇದಿನ್ನೂ ತನ್ನ ಮನೆ ಅಲ್ಲ, ವಾಪಸ್ ಬರಬೇಕು ಅಂತಲೂ ಗೊತ್ತಿರುವುದಿಲ್ಲ. ಕತ್ತಿನ ಬೆಲ್ಟಿನಿಂದ ಹಿಂದಕ್ಕೆ ಜಾರಿ ಬಿಡಿಸಿಕೊಳ್ಳುವುದು ಅವಕ್ಕೆ ಎರಡು ಸೆಕೆಂಡಿನ ಕೆಲಸ. ಎದೆಗೆ ಹಾಕುವ ಹಾರ್ನೆಸ್ ಒಂದು, ಬೆಲ್ಟು ಒಂದು, ಎರಡಕ್ಕೂ ಹಗ್ಗ ಇರಲಿ. ಫೋನ್ ನಂಬರ್ ಇರುವ ಬಿಲ್ಲೆ ಮೊದಲ ದಿನವೇ ಕತ್ತಿಗೆ ಬರಲಿ. ನಮ್ಮವಳು ಒಮ್ಮೆ ಅರೆತೆರೆದ ಬಾಗಿಲಿನಿಂದ ನುಸುಳಿ ಮೆಟ್ಟಿಲವರೆಗೆ ಹೋಗಿದ್ದಳು. ಮಗ ಓಡಲು ಹೊರಟ. ಅಟ್ಟಿಸಿಕೊಂಡು ಹೋದರೆ ಅವು ಇನ್ನೂ ಓಡುತ್ತವೆ, ಅವನನ್ನು ತಡೆದೆ. ಇಬ್ಬರೂ ಬೆನ್ನು ಮಾಡಿ ನೆಲದ ಮೇಲೆ ಕುಳಿತೆವು. ತಿಂಡಿಯ ಪೊಟ್ಟಣ ಬಿಚ್ಚಿದೆವು. ಕಾಯುವಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಅವಳಿಗೂ ಕೇಳಿಸಿರಬೇಕು. ಮೆಟ್ಟಿಲು ಇಳಿಯಲು ಬಾರದೆ ಅವಳೇ ವಾಪಸ್ ಬಂದಳು. ಮೆಟ್ಟಿಲನ್ನೇ ಕಂಡಿರದ ನಾಯಿ! ಅಂದು ಮೆಟ್ಟಿಲು ನಮ್ಮನ್ನು ಕಾಪಾಡಿತು.

ಡಾಕ್ಟರ ಬಳಿ ಮೊದಲ ವಾರದಲ್ಲೇ ಒಮ್ಮೆ ಹೋಗಿ ಬನ್ನಿ. ರೇಬೀಸ್, ಪಾರ್ವೊ, ಡಿಸ್ಟೆಂಪರ್ ಅನ್ನುವ ರೋಗಗಳ ಲಸಿಕೆಯ ಚೀಟಿ, ಜಂತುಹುಳದ ಔಷಧಿ, ಉಣ್ಣಿ-ಚಿಗಟದ ಕಾಟ, ಇಷ್ಟು ನೋಡಿಸಿದರೆ ಸದ್ಯಕ್ಕೆ ಸಾಕು.

ಎರಡನೆಯ ವಾರ ಅವಳು ಮೊದಲ ಸಲ ಗುರ್ ಅಂದಳು. ಉಣ್ಣುತ್ತಿದ್ದಾಗ ಮಗ ಬಟ್ಟಲನ್ನು ಸರಿಯಾಗಿ ಇಡಲು ಹೋಗಿದ್ದ. ಅವನು ಅಳುಮುಖ ಮಾಡಿಕೊಂಡು ಬಂದ. ನಮ್ಮ ಮನೆಯವರು, "ಇವತ್ತೇ ಒಂದು ಪಾಠ ಕಲಿಸಬೇಕು" ಅಂತ ಎದ್ದರು. ನಾನು ಬಿಡಲಿಲ್ಲ. ಗುರ್ ಅನ್ನುವುದು ಜಗಳ ಅಲ್ಲ, ಮಾತು. ಆ ಮಾತಿಗೆ ಹೊಡೆದರೆ ನಾಯಿ ಮಾತು ಬಿಡುತ್ತದೆ, ಹೆದರಿಕೆ ಬಿಡುವುದಿಲ್ಲ. ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ. ಉಣ್ಣುವಾಗ ಅವಳ ಹತ್ತಿರ ಹೋಗಬಾರದು ಅಂತ ಮಗನಿಗೆ ಹೇಳಿದೆ. ಆಮೇಲೆ ದಿನಾ ನಾನು ದೂರದಿಂದಲೇ ಹಾದುಹೋಗುತ್ತಾ ಬಟ್ಟಲ ಕಡೆ ಬೇಯಿಸಿದ ಕೋಳಿಯ ಒಂದು ಚೂರು ಎಸೆಯುತ್ತಿದ್ದೆ. ಮೂರು ವಾರದಲ್ಲಿ, ನಾನು ಹತ್ತಿರ ಬಂದರೆ ಬಟ್ಟಲು ಬಿಟ್ಟು ನನ್ನ ಮುಖ ನೋಡುವ ಹಾಗಾದಳು. ತೆಗೆದುಕೊಳ್ಳಲು ಬರುವ ಕೈ ಅಲ್ಲ, ಕೊಡಲು ಬರುವ ಕೈ ಅಂತ ಲೆಕ್ಕ ಹಾಕಿಕೊಂಡಿದ್ದಳು.

ಒಬ್ಬಳೇ ಇರುವುದನ್ನೂ ಕಲಿಸಬೇಕಾಯಿತು. ಒಂದು ನಿಮಿಷ ಬಾಗಿಲು ಹಾಕಿ ಬರುವುದು, ಆಮೇಲೆ ಐದು, ಹದಿನೈದು. ಹೋಗುವಾಗ ಮುದ್ದಿಲ್ಲ, ಬಂದಾಗ ಗದ್ದಲವಿಲ್ಲ. ನಾನು ಕಸದ ಚೀಲ ಹಿಡಿದುಕೊಂಡು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ! ಪಕ್ಕದ ಮನೆಯವರು, "ಮನೆಯಲ್ಲಿ ಎಲ್ಲ ಸರಿ ಇದೆ ಅಲ್ವಾ?" ಅಂತ ಮೆಲ್ಲಗೆ ಕೇಳಿದರು.

ಇಪ್ಪತ್ತಮೂರನೆಯ ದಿನ ಸಂಜೆ ಕಾಲಿಂಗ್ ಬೆಲ್ ಹೊಡೆಯಿತು. ಮೇಜಿನ ಪಕ್ಕದಿಂದ ಭೌ ಅಂತ ಒಂದು ಸದ್ದು. ಎಲ್ಲರೂ ತಿರುಗಿದೆವು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಚುಕ್ಕಿಯೇ. ಆ ದನಿ ಎಲ್ಲಿಂದ ಬಂತು ಅಂತ ಹಿಂದೆ ತಿರುಗಿ ನೋಡಿದಳು. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಕಿವಿ ತಗ್ಗಿಸಿ, ಮೇಜಿನ ಕಡೆ ಹೊರಟಳು. ಯಾರೂ ಏನೂ ಅನ್ನಲಿಲ್ಲ. ಅತ್ತೆ ಮಾತ್ರ, ಹೊಲಿಗೆಯಿಂದ ತಲೆ ಎತ್ತದೆ, "ಬಾಗಿಲಲ್ಲಿ ಯಾರೋ ಬಂದಿದ್ದಾರಂತೆ, ನೋಡ್ರೋ" ಅಂದರು. ಚುಕ್ಕಿ ಅರ್ಧದಲ್ಲೇ ನಿಂತು, ಇನ್ನೊಂದು ಸಲ ಭೌ ಅಂದಳು.

ಈಗ ಬೆಲ್ಲಿಗೆ ಬೊಗಳುತ್ತಾಳೆ, ಲಿಫ್ಟಿಗೆ ಬೊಗಳುತ್ತಾಳೆ, ಕನ್ನಡಿಯೊಳಗಿನ ನಾಯಿಗೂ ಬೊಗಳುತ್ತಾಳೆ. ಸಾಧು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಆ ಮೆತ್ತನೆಯ ಹಾಸಿಗೆ ಇನ್ನೂ ಹೊಸದಾಗಿಯೇ ಇದೆ. ಅವಳು ಮಲಗುವುದು ಅತ್ತೆಯ ಕೋಣೆಯ ಆ ಮ್ಯಾಟಿನ ಮೇಲೆ.

ಈ ಮಾತುಗಳನ್ನು ಬರೆಯಲು ಕುಳಿತಾಗ ಬೆಳಗಿನ ಹೊತ್ತು. ನಮ್ಮ ಮನೆಯವರು ಪೇಪರ್ ಓದಿ ಮುಗಿಸಿದರು. ಪರ ಪರ ಅಂತ ಮಡಚಿದರು. ಮ್ಯಾಟಿನ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿದ್ದವಳ ಒಂದು ಕಿವಿ ಅರ್ಧ ಎದ್ದಿತು. ಮತ್ತೆ ಮಡಚಿಕೊಂಡಿತು.

ನಮಸ್ಕಾರ.