ಮೋಟರ್ ನಿಂತ ಮೇಲೆ ಅಳೆಯಿರಿ

ಕೇಳುಗರಿಗೆ ನಮಸ್ಕಾರ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಅಡಿಕೆ ತೋಟದವರು ಮುಖ್ಯವಾಗಿ ಕೇಳಬೇಕು.

ಬೋರ್ ಕೊರೆಸಿದ ದಿನ ‘ಎರಡಿಂಚು ನೀರು ಬಿತ್ತು’ ಅಂತೀರಿ. ಅದು ಆ ಗಳಿಗೆಯ ನೀರು. ಆರೂವರೆ ಇಂಚಿನ ಬೋರಿನಲ್ಲಿ 300 ಅಡಿ ನೀರು ನಿಂತಿದ್ದರೆ ಆ ಕೊಳವೆಯಲ್ಲೇ ಸುಮಾರು 2,000 ಲೀಟರ್ ಇರುತ್ತದೆ. ಮೋಟರ್ ಹಾಕಿದಾಗ ಮೊದಲು ಖರ್ಚಾಗುವುದು ಅದೇ. ಬಂಡೆಯ ಬಿರುಕು ಎಷ್ಟು ಕೊಡುತ್ತದೆ ಎಂಬುದು ಮೋಟರ್ ನಿಂತ ಮೇಲೆ ತಿಳಿಯುತ್ತದೆ.

ಎಣ್ಣೆ ಬಾವಿಯವರು ಮಾಡುವುದೂ ಇದನ್ನೇ. ಸಾವಿರಾರು ಅಡಿ ಕೆಳಗಿನ ಕಲ್ಲಿನೊಳಗೆ ಇಳಿದು ನೋಡಲಾದೀತೇ? ಒಂದೇ ಹದದಲ್ಲಿ ಎಣ್ಣೆ ತೆಗೆದು, ಬಾವಿ ಮುಚ್ಚಿ, ತಳದ ಒತ್ತಡ ಏರುವುದನ್ನು ಗುರುತು ಹಾಕುತ್ತಾರೆ. ಬೇಗ ಏರಿದರೆ ಕಲ್ಲು ಸಲೀಸಾಗಿ ಎಣ್ಣೆ ಬಿಡುತ್ತದೆ, ನಿಧಾನವಾದರೆ ಕಲ್ಲು ಬಿಗಿ. ಹಳೆಯ ಒತ್ತಡಕ್ಕೆ ಮರಳಲೇ ಇಲ್ಲವೆಂದರೆ ನಿಕ್ಷೇಪವೇ ಸಣ್ಣದು.

ಈ ಲೆಕ್ಕ ಹುಟ್ಟಿದ್ದು ನೀರಿನಿಂದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನೀರು ಬಾವಿಯತ್ತ ಸರಿಯುವುದು ಕಾವು ಹರಿಯುವ ಹಾಗೆಯೇ ಎಂದು ಅಮೆರಿಕದ ಥೈಸ್ ಎಂಬ ಭೂವಿಜ್ಞಾನಿಗೆ ಹೊಳೆಯಿತು. ಕಾವಿನ ಗಣಿತ ಆಗಲೇ ಸಿದ್ಧವಿತ್ತು. ಲೂಬಿನ್ ಎಂಬ ಗಣಿತಜ್ಞರನ್ನು ಕೇಳಿ ಸೂತ್ರ ಪಡೆದರು, 1935ರಲ್ಲಿ ಪ್ರಕಟಿಸಿದರು. ಕಾವಿನ ಜಾಗದಲ್ಲಿ ನೀರು, ಅಷ್ಟೇ! 1951ರಲ್ಲಿ ಎಣ್ಣೆ ಬಾವಿ ತಜ್ಞ ಹಾರ್ನರ್ ಅದೇ ತರ್ಕದಿಂದ ಎಣ್ಣೆ ಬಾವಿಯ ಒತ್ತಡದ ಏರಿಕೆಯನ್ನು ಒಂದು ನೇರ ಗೆರೆಗೆ ತಂದರು.

ನಿಮ್ಮ ಬೋರಿಗೆ ಬರೋಣ. ರಾತ್ರಿಯೆಲ್ಲ ಮೋಟರ್ ನಿಲ್ಲಿಸಿ, ಬೆಳಿಗ್ಗೆ ನೀರಿನ ಮಟ್ಟ ಬರೆದಿಡಿ. ವಾಲ್ವ್ ಮುಟ್ಟದೆ 4 ಗಂಟೆ ಓಡಿಸಿ. ನಡುವೆ 200 ಲೀಟರಿನ ಡ್ರಮ್ಮು ಹಿಡಿಯಿರಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಆಮೇಲೆ ನಿಲ್ಲಿಸಿ. ಮತ್ತೆ ಹೇಳುತ್ತೇನೆ, ನಿಲ್ಲಿಸಿ! 1, 2, 5, 10, 20, 30, 60ನೇ ನಿಮಿಷಕ್ಕೆ ಮಟ್ಟ ಅಳೆಯಿರಿ. ಹಾರ್ನರ್ ಹಾಗೆ ಗೆರೆ ಎಳೆಯಲು, ಮೋಟರ್ ಶುರುವಾದಾಗಿನಿಂದ ಕಳೆದ ನಿಮಿಷಗಳನ್ನು ನಿಂತ ಮೇಲಿನ ನಿಮಿಷಗಳಿಂದ ಭಾಗಿಸಿ, 1, 10, 100 ಸಮ ದೂರದಲ್ಲಿರುವ ಲಾಗ್ ಹಾಳೆಯಲ್ಲಿ ಮಟ್ಟದ ಎದುರು ಗುರುತು ಹಾಕಿ. ತೆಗೆದ ನೀರು ಅಷ್ಟೇ ಇದ್ದು, ಈ ಗೆರೆ ಇನ್ನೊಂದು ಬೋರಿನದಕ್ಕಿಂತ ಇಮ್ಮಡಿ ಕಡಿದಾಗಿದ್ದರೆ, ಬಂಡೆ ನೀರು ಹರಿಯಗೊಡುವ ಗುಣ ಅರ್ಧ. ಇಲ್ಲಿ ಕಡಿದು ಎಂದರೆ ಬೇಗ ಏರಿತು ಎಂದಲ್ಲ, ಏರಬೇಕಾದದ್ದು ಇನ್ನೂ ಬಹಳ ಇದೆ ಎಂದು. ಮತ್ತೆ ರಾತ್ರಿಯೆಲ್ಲ ನಿಲ್ಲಿಸಿದರೂ ಮಟ್ಟ ಬೆಳಗಿನ ಜಾಗಕ್ಕೆ ಬಾರದಿದ್ದರೆ ಒಳಗಿನ ಗಂಟು ಕರಗುತ್ತಿದೆ.

ಅಳತೆ ಕೆಡುವುದು ಎಲ್ಲಿ? ಕರೆಂಟ್ ಹೋಗಿ ಮೋಟರ್ ನಿಂತರೆ ಮೊದಲಿಂದ ಶುರು ಮಾಡಿ. ಪಕ್ಕದ ತೋಟದ ಬೋರ್ ಓಡುತ್ತಿರಬಾರದು. ಪಂಪಿನ ಒನ್‌ವೇ ವಾಲ್ವ್ ಸೋರಿದರೆ ಪೈಪಿನ ನೀರು ಕೆಳಗಿಳಿದು ಮಟ್ಟ ಸುಳ್ಳಾಗಿ ಏರುತ್ತದೆ. ಅಳತೆಯ ತಂತಿ ಕೇಬಲ್ಲಿಗೆ ಸುತ್ತಿಕೊಳ್ಳದಂತೆ, ಪಂಪ್ ಇಳಿಸುವಾಗಲೇ ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೈಪು ಕಟ್ಟಿಸಿ. ನಮಸ್ಕಾರ.