ಬೀಡ್ ಪಕ್ಕದ ಎರಡು ಗೆರೆ

ನಮಸ್ಕಾರ. ಪೀಣ್ಯದ ನಮ್ಮ ಶೆಡ್‌ನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ, ಸ್ಟೇನ್‌ಲೆಸ್ ಸ್ಟೀಲ್‌ನ ಪ್ಲಾಸ್ಮಾ ವೆಲ್ಡಿಂಗ್. ದಾರಕ್ಕೆ ಕಟ್ಟಿರೋ ಈ ಪುಟ್ಟ ಮ್ಯಾಗ್ನೆಟ್ ನೋಡ್ತಿದ್ದೀರಲ್ಲ, ಇದನ್ನ 6 ಮಿ.ಮೀ. ದಪ್ಪದ, 304 ಅನ್ನೋ ದರ್ಜೆಯ ಸ್ಟೇನ್‌ಲೆಸ್ ಪ್ಲೇಟ್ ಹತ್ರ ಹಿಡೀತೀನಿ. ಅಲ್ಲಾಡಲ್ಲ. ಈಗ ಬೆಸುಗೆಯ ಗೆರೆ, ಅಂದ್ರೆ ವೆಲ್ಡ್ ಬೀಡ್ ಹತ್ರ ತರ್ತೀನಿ. ನೋಡಿ, ಮೆಲ್ಲಗೆ ವಾಲ್ತು!

ಪ್ಲೇಟ್ ಇರೋದು ಆಸ್ಟೆನೈಟ್ ಅನ್ನೋ ಹರಳು ರಚನೆಯಲ್ಲಿ, ಅದಕ್ಕೇ ಮ್ಯಾಗ್ನೆಟ್ ಹಿಡಿಯಲ್ಲ. ಕರಗಿ ಗಟ್ಟಿಯಾದ ಬೀಡ್‌ನಲ್ಲಿ ಮ್ಯಾಗ್ನೆಟ್ ಹಿಡಿಯೋ ಇನ್ನೊಂದು ರಚನೆ, ಡೆಲ್ಟಾ ಫೆರೈಟ್, ಸ್ವಲ್ಪ ಉಳ್ಕೊಂಡಿದೆ. ಇದು ದೋಷ ಅಲ್ಲ. ಲೋಹ ಗಟ್ಟಿಯಾಗೋವಾಗ ಗಂಧಕ, ರಂಜಕದಂಥ ಕಲ್ಮಶಗಳನ್ನ ತನ್ನೊಳಗೆ ಸೇರಿಸ್ಕೊಂಡು, ಬಿರುಕು ಬಿಡದ ಹಾಗೆ ಕಾಯೋದು ಇದೇ ಫೆರೈಟ್.

ಮಾಮೂಲಿ ಟಿಗ್ ವೆಲ್ಡಿಂಗ್ ಟಾರ್ಚ್‌ನಲ್ಲಿ, ಆರ್ಕ್ (ಲೋಹ ಕರಗಿಸೋ ವಿದ್ಯುತ್ ಜ್ವಾಲೆ) ಹೊರಡಿಸೋ ಟಂಗ್‌ಸ್ಟನ್ ಕಡ್ಡಿ ಹೊರಗೆ ಚಾಚಿರತ್ತೆ. ಪ್ಲಾಸ್ಮಾದಲ್ಲಿ ತಾಮ್ರದ ನಾಜಲ್ ಒಳಗೇ ಇರತ್ತೆ. ಆ ಕಿರಿದಾದ ತೂತಿಂದ ನುಗ್ಗೋ ಆರ್ಕ್ ಪ್ಲೇಟನ್ನ ಆಚೆಬದಿವರೆಗೂ ತೂರ್ಕೊಂಡು ಹೋಗತ್ತೆ. ತೂತು ಮುಂದೆ ಸಾಗಿದ ಹಾಗೆ ಕರಗಿದ ಲೋಹ ಹಿಂದೆ ಬಂದು ಕೂಡ್ಕೊಳತ್ತೆ. ಇದಕ್ಕೇ ಕೀಹೋಲ್ ಅನ್ನೋದು. ಅಂಚನ್ನ ವಿ ಆಕಾರಕ್ಕೆ ಗ್ರೈಂಡ್ ಮಾಡ್ಬೇಕಿಲ್ಲ, ಒಂದೇ ಪಾಸ್‌ನಲ್ಲಿ, ಅಂದ್ರೆ ಟಾರ್ಚ್ ಒಂದೇ ಸಲ ಓಡಿಸಿದ್ರೆ, ಮುಗೀತು.

ಒಂದೇ ಪಾಸ್ ಅನ್ನೋದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಕೆಲಸ ಕಲಿಯೋ ಕಾಲದಲ್ಲಿ ಒಂದು ಟ್ಯಾಂಕ್‌ಗೆ ಪಾಸ್ ಮೇಲೆ ಪಾಸ್ ಹಾಕಿ, ಹೊಳೆಯೋ ಬೀಡ್ ಕೊಟ್ಟಿದ್ದೆ. ಕೆಲವು ತಿಂಗಳಲ್ಲಿ ಟ್ಯಾಂಕ್ ವಾಪಸ್ ಬಂತು. ಬೀಡ್ ಹೊಸದರ ಹಾಗೇ ಇತ್ತು. ಅದರ ಎರಡೂ ಪಕ್ಕದಲ್ಲಿ, ಸ್ವಲ್ಪ ದೂರಕ್ಕೆ, ಸಮಾನಾಂತರವಾಗಿ ಎರಡು ತುಕ್ಕಿನ ಗೆರೆ! ಆ ಗೆರೆ ಇವತ್ತಿಗೂ ಕಣ್ಣಲ್ಲಿದೆ. ಸುಮಾರು 425ರಿಂದ 850 ಡಿಗ್ರಿ ಸೆಲ್ಸಿಯಸ್ ಒಳಗೆ ಸ್ಟೀಲ್ ಹೆಚ್ಚು ಹೊತ್ತು ಇದ್ರೆ, ತುಕ್ಕು ತಡೆಯೋ ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಸೇರಿ ಲೋಹದ ಕಣಗಳ ಗಡಿಯಲ್ಲಿ ಕೂತ್ಕೊಳತ್ತೆ. ಗಡಿಯ ಅಕ್ಕಪಕ್ಕ ಕ್ರೋಮಿಯಂ ಕಮ್ಮಿಯಾಗಿ ತುಕ್ಕಿಗೆ ದಾರಿಯಾಗತ್ತೆ. ಪ್ಲಾಸ್ಮಾದ ಬಿಸಿ ಕಿರಿದಾದ ಜಾಗದಲ್ಲೇ ಇದ್ದು ಬೇಗ ಆರೋದ್ರಿಂದ ಈ ಅಪಾಯ ಕಮ್ಮಿ. 304 ಬದಲು, ಕಾರ್ಬನ್ 0.03% ದಾಟದ 304ಎಲ್ ತಗೊಂಡ್ರೆ ಇನ್ನೂ ನೆಮ್ಮದಿ.

ಬಲದ ವಿಷಯ. ಅನೀಲ್ ಮಾಡಿದ, ಅಂದ್ರೆ ಕಾಯಿಸಿ ಮೆತ್ತಗೆ ಮಾಡಿದ ಪ್ಲೇಟಾದ್ರೆ, ಒಳ್ಳೇ ಜಾಯಿಂಟನ್ನ ಎಳೆದು ನೋಡಿದಾಗ ಎಷ್ಟೋ ಸಲ ಬೀಡ್ ಬಿಟ್ಟು ಪ್ಲೇಟೇ ಹರಿಯತ್ತೆ. ಆದ್ರೆ ಕೋಲ್ಡ್ ರೋಲ್ ಮಾಡಿ, ಅಂದ್ರೆ ಕಾಯಿಸದೇ ರೋಲರ್‌ನಲ್ಲಿ ಒತ್ತಿ ಗಡಸು ತಂದ ಶೀಟ್ ಆದ್ರೆ ಹುಷಾರು: ಬೀಡ್ ಪಕ್ಕದ ಜಾಗ ಬಿಸಿಗೆ ಮೆತ್ತಗಾಗತ್ತೆ, ಯಾವ ಟಾರ್ಚ್ ಹಿಡಿದ್ರೂ ಅಷ್ಟೇ.

ಈಗ ಬೆಸೆದ ಪ್ಲೇಟ್ ತಿರುಗಿಸ್ತೀನಿ. ಈ ಅರ್ಧಕ್ಕೆ ಬಿಸಿ ಲೋಹಕ್ಕೆ ಗಾಳಿ ತಾಗದ ಹಾಗೆ ಹಿಂದಿನಿಂದ ಆರ್ಗಾನ್ ಅನಿಲ ಬಿಟ್ಟಿದ್ದೆ, ತೆಳು ಒಣಹುಲ್ಲಿನ ಬಣ್ಣ ಬಂದಿದೆ. ಈ ಅರ್ಧಕ್ಕೆ ಬೇಕಂತಲೇ ಬಿಟ್ಟಿರಲಿಲ್ಲ. ಬೆರಳಾಡಿಸಿದ್ರೆ ಒರಟು ಒರಟು, ಕರ್ರಗೆ ಹರಳುಗಟ್ಟಿದೆ. ಇದನ್ನ ಕತ್ತರಿಸಿ ಬಿಸಾಕ್ತೀನಿ.