ಹೆಬ್ಬೆರಳಿನ ಪಿಡಿಎಫ್

ನಮಸ್ಕಾರ ಕೇಳುಗರೇ. ಪುಣೆಯ ಶಿವಾಜಿನಗರ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋಳು ನಾನು, ಇವತ್ತು ಒಂದೇ ಮಾತು ಹೇಳೋಕೆ ಬಂದಿರೋದು: ದುಡ್ಡು ತಗೊಂಡಿಲ್ಲ ಅಂದ್ಬಿಟ್ರೆ ಕಾಪಿರೈಟ್ ಕೇಸಿಂದ ಬಚಾವಾಗಲ್ಲ.

ದೇಹೂ ರೋಡ್ ಕಡೆ ಆರ್ಮಿ ಯೂನಿಟ್‌ನಲ್ಲಿದ್ದ ನಮ್ಮ ಬೆಳಗಾವಿ ಸೀಮೆಯ ಹವಾಲ್ದಾರ ಒಬ್ಬ ಒಂದಿನ ಸಂಜೆ ಆಫೀಸಿಗೆ ಬಂದ. ಪ್ರಮೋಷನ್ ಪರೀಕ್ಷೆಗೆ ಒಂದು ಗೈಡು, ಬರೆದೋರೂ ರಿಟೈರ್ಡ್ ಸುಬೇದಾರ್ರೇ, ಇವನೇನ್ ಮಾಡ್ದ ಅಂದ್ರೆ ರಾತ್ರಿ ಬ್ಯಾರಕ್‌ನಲ್ಲಿ ಕೂತು ಪುಟಪುಟಾನೂ ಫೋನಲ್ಲಿ ಹೊಡ್ಕೊಂಡು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ದ, ಅದು ಗ್ರೂಪಿಂದ ಗ್ರೂಪಿಗೆ ತಿರುಗಿ ಕೊನೆಗೆ ಬರೆದೋರ ಫೋನಿಗೇ ಹೋಗಿ ಬಿತ್ತು. "ಮೇಡಂ, ಒಂದ್ ರೂಪಾಯಿ ತಗೊಂಡಿಲ್ರೀ, ಹುಡುಗ್ರಿಗೆ ಹೆಲ್ಪ್ ಆಗ್ಲಿ ಅಂತ ಮಾಡೀನಿ." ಅದನ್ನ ತೆಗೆದು ತೋರಿಸಪ್ಪಾ ಅಂದೆ. ನೋಡಿದ್ರೆ ಪ್ರತಿ ಪುಟದ ಮೂಲೇಲೂ ಪುಸ್ತಕ ಅದುಮಿ ಹಿಡಿದ ಎಡಗೈ ಹೆಬ್ಬೆರಳು, ಉಗುರು ಅರ್ಧ ಕಪ್ಪಾಗಿದೆ. ಅದೇ ಉಗುರು ನನ್ನ ಟೇಬಲ್ ಮೇಲೂ ಇದೆ! ನಗಬಾರದಿತ್ತು, ನಕ್ಕುಬಿಟ್ಟೆ.

ಆಮೇಲೆ ಹೇಳ್ದೆ. 1957ರ ಕಾಪಿರೈಟ್ ಕಾಯ್ದೆ, ಸೆಕ್ಷನ್ 63: ಗೊತ್ತಿದ್ದೂ ಮಾಡಿದ್ರೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ ಮಾಡಿಲ್ಲ ಅಂದ್ರೆ ಜಡ್ಜು ಮನಸು ಮಾಡಿದ್ರೆ ಶಿಕ್ಷೆ ಕಮ್ಮಿ ಮಾಡಬಹುದು, ಅಷ್ಟೇ, ದುಡ್ಡು ಮುಟ್ಟದಿದ್ರೂ ಅಪರಾಧ ಅಪರಾಧಾನೇ. ಪೊಲೀಸ್ರು ವಾರಂಟ್ ಇಲ್ದೇ ಹಿಡೀಬಹುದು, ಜಾಮೀನು ಕೇಳಿದ ತಕ್ಷಣ ಸಿಗೋದಲ್ಲ, ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿಯಾಗಿದೆ.

ಯೂನಿಫಾರ್ಮ್ ಹಾಕಿದೋರಿಗೆ ಇನ್ನೂ ಬಿಗಿ. 1950ರ ಆರ್ಮಿ ಆಕ್ಟ್ ಸೆಕ್ಷನ್ 69ರಲ್ಲಿ ಇಂಥ ಹೊರಗಿನ ಕಾನೂನಿನ ಅಪರಾಧಕ್ಕೂ ಕೋರ್ಟ್ ಮಾರ್ಷಲ್, ಅಂದ್ರೆ ಸೇನೆಯ ಕೋರ್ಟಲ್ಲೇ ವಿಚಾರಣೆ, ಮಾಡಬಹುದು. ತಮಾಷೆ ಅಂದ್ರೆ ಅಲ್ಲೂ ಒಂದು ಸೆಕ್ಷನ್ 63 ಇದೆ, ಶಿಸ್ತಿಗೆ ಧಕ್ಕೆ ತಂದ್ರೆ 7 ವರ್ಷದವರೆಗೆ ಜೈಲು. "ಎರಡೂ ಕಡೆ ಅರವತ್ಮೂರೇ ಏನ್ರಿ?" ಅಂದ, ಹೆಬ್ಬೆರಳು ಮಡಚಿ ಮುಷ್ಟಿಯೊಳಗೆ ಇಟ್ಕೊಂಡ.

ಆ ಸುಬೇದಾರ್ರು ದೊಡ್ಡ ಮನಸಿನೋರು, ಕಂಪ್ಲೇಂಟ್ ಕೊಡ್ಲಿಲ್ಲ. ಪಿಡಿಎಫ್ ಅಳಿಸು, ಮೂವತ್ತು ಪುಸ್ತಕ ಕೊಂಡು ಹುಡುಗ್ರಿಗೆ ಹಂಚು ಅಂದ್ರು. ಹಂಚಿದ.

ಇದರಲ್ಲೇ ಟೈಮ್ ಮುಗೀತು ನೋಡಿ. ಪೈರೇಟೆಡ್ ಸಾಫ್ಟ್‌ವೇರ್ ಬಗ್ಗೆ ಹೇಳೋದಿತ್ತು, ಅದು ಕಾಪಿರೈಟ್ ಕಾಯ್ದೆ ಸೆಕ್ಷನ್ 63ಬಿ, ಗೊತ್ತಿದ್ದೂ ಬರೀ ಬಳಸಿದ್ರೂ ಜೈಲಾಗಬಹುದು. ಥೇಟರಲ್ಲಿ ಮೊಬೈಲ್ ಎತ್ತಿ ಹಿಡಿಯೋರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಬಂದಿದೆ, 3 ತಿಂಗಳಿಂದ 3 ವರ್ಷ, ದಂಡ ಶುರುವಾಗೋದೇ 3 ಲಕ್ಷದಿಂದ. ಸ್ಟೇಟಸ್‌ಗೆ ಹಾಕೋಕೆ ಮೇಡಂ, ದುಡ್ಡಿಗಲ್ಲ ಅಂತ ನನ್ನ ಹತ್ರ ಬರ್ಬೇಡಿ. ಬಂದ್ರೆ ಫೀಸ್ ಮೊದಲೇ ತಗೊಳ್ತೀನಿ.